ಕಿವಿರಾಯನ ನಿದ್ದೆ

ಕೀಲನ್ನು ಕಿವಿಯ ಹತ್ತಿರ ಹಿಡಿದುಕೊಂಡೇ ಅವನು ನಿದ್ದೆಹೋದ. ಕೈ ನಿಧಾನವಾಗಿ ಮೇಜಿನ ಮೇಲಿಳಿಯಿತು, ತಲೆ ಅದರ ಹಿಂದೆ ಹೋಯಿತು. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ನಾನು ಬಂದ ಕೆಮ್ಮನ್ನು ನುಂಗಿಕೊಂಡೆ.

ನಮ್ಮದು ಬಾಗಿಲ ಕೀಲು ಮಾಡುವ ಕಾರ್ಖಾನೆ. ತಾತ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು, ಈಗ ನಾನೂ ಚಿಕ್ಕಪ್ಪನೂ ಹೇಗೋ ತಳ್ಳಿಕೊಂಡು ಹೋಗುತ್ತಿರುವುದು. ಮಾಡಿದ್ದೆಲ್ಲ ಸಮುದ್ರದಾಚೆಯ ಒಂದೇ ಕಂಪನಿಗೆ ಹೋಗುತ್ತದೆ. ಅವರು ಮಲಗುವ ಕೋಣೆಗೆ ಕಪಾಟು ಮಾಡುವವರು. ಕಪಾಟಿನ ಬಾಗಿಲು ತೆಗೆದರೆ ಸದ್ದಾಗಬಾರದು, ಅದೇ ಅವರ ಷರತ್ತು. ಸದ್ದು ಅಳೆಯುವ ಯಂತ್ರಗಳಿವೆಯಂತೆ. ಆದರೆ ನಿದ್ದೆ ಕೆಡುವುದು ಮನುಷ್ಯನದಾದ್ದರಿಂದ ಕೇಳಬೇಕಾದ್ದೂ ಮನುಷ್ಯನೇ ಎಂದು ಪ್ರತಿ ಸರಕಿಗೂ ಇವನನ್ನು ಕಳಿಸುತ್ತಾರೆ. ತಾನೇ ಆರಿಸಿದ ಒಂದಿಷ್ಟು ಕೀಲುಗಳನ್ನು ಇವನು ಕಿವಿಯ ಹತ್ತಿರ ತಂದು ತೆರೆದು ಮುಚ್ಚುತ್ತಾನೆ. ಅವುಗಳಲ್ಲಿ ಒಂದು ಕಿರುಗುಟ್ಟಿದರೂ ಇಡೀ ಸರಕು ವಾಪಸು. ನಮ್ಮ ಕೆಲಸಗಾರರು ಇವನಿಗಿಟ್ಟ ಹೆಸರು ಕಿವಿರಾಯ.

ಈ ಪರೀಕ್ಷೆಗೆಂದೇ ಅಪ್ಪ ದಪ್ಪ ಗೋಡೆಯ, ಕಿಟಕಿಯಿಲ್ಲದ ಈ ಕೋಣೆ ಕಟ್ಟಿಸಿದರು. ಬಾಗಿಲಿಗೆ ಕಂಬಳಿ ಹೊಡೆಸಿದರು. ಎರಡು ವಿಮಾನ ಬದಲಿಸಿ ಬಂದವನನ್ನು ಇಂಥ ಕಡೆ ಕೂರಿಸಿದರೆ ಇನ್ನೇನಾಗುತ್ತದೆ?

ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಚಿಕ್ಕಪ್ಪ ಪಡಸಾಲೆಯಲ್ಲಿ ಬೆನ್ನ ಹಿಂದೆ ಕೈಕಟ್ಟಿಕೊಂಡು ನಿಂತಿದ್ದರು.

"ಸಹಿ ಆಯ್ತಾ?"

"ಮಲಗಿಬಿಟ್ಟಿದಾನೆ ಚಿಕ್ಕಪ್ಪ."

"ಮಲಗಿದಾನೆ ಅಂದ್ರೆ?"

"ಅಂದ್ರೆ ಮಲಗಿದಾನೆ. ಜೊಲ್ಲು ಸುರೀತಿದೆ."

ಚಿಕ್ಕಪ್ಪ ಅಂಗಳದ ಕಡೆ ನೋಡಿದರು. ಅಲ್ಲಿ ಲಾರಿ ಕಂಟೇನರಿನ ಬಾಗಿಲು ತೆರೆದುಕೊಂಡು ನಿಂತಿತ್ತು. ಸಂಜೆಯೊಳಗೆ ಅದು ಬಂದರಿನ ಗೇಟು ದಾಟಬೇಕು. ಇಂದಿನ ಹಡಗಿಗೆ ಸರಕು ಹತ್ತದಿದ್ದರೆ ಬೇರೆಯವರಿಂದ ಕೊಳ್ಳುತ್ತೇವೆಂದು ಕಂಪನಿ ಬರೆದಿತ್ತು. ಅವರನ್ನು ಬಿಟ್ಟರೆ ನಮಗೆ ಬೇರೆ ಗಿರಾಕಿಯಿಲ್ಲ. ಕಾರ್ಖಾನೆ ಮುಚ್ಚುವುದೊಂದೇ ದಾರಿ.

"ಎಬ್ಬಿಸು ಮತ್ತೆ."

"ಹೋದ ಸಲ ನಿದ್ದೆಗೆಟ್ಟು ಬಂದು ಏನು ಮಾಡಿದ ಅಂತ ಮರೆತುಹೋಯ್ತಾ? ಸ್ವಲ್ಪ ಹೊತ್ತು ಮಲಗ್ಲಿ. ಕಿವಿ ತಿಳಿಯಾಗ್ಲಿ."

ಹೋದ ವರ್ಷ ಅವನು ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ಬಂದು, ಒಂದು ಕೀಲು ಆಡಿಸಿ, ಬೇಡವೆಂದು ತಲೆಯಲ್ಲಾಡಿಸಿದ್ದ. ಅಪ್ಪ ಅದೇ ಕೀಲನ್ನು ಮತ್ತೆ ಮತ್ತೆ ಆಡಿಸಿ ನೋಡಿದರು. ನಮಗ್ಯಾರಿಗೂ ಏನೂ ಕೇಳಿಸಲಿಲ್ಲ. ಸರಕೆಲ್ಲ ಗುಜರಿಗೆ ಹೋಯಿತು. ಅಪ್ಪ ಆಮೇಲೆ ಕಾರ್ಖಾನೆಯ ಕಡೆ ತಲೆಹಾಕಿಲ್ಲ. ತಮ್ಮ ಕಿವಿಯೇ ಕೈಕೊಟ್ಟಿತೆಂದು ನಂಬಿದ್ದಾರೆ. ಮನೆಯಲ್ಲಿ ಟಿವಿಯ ಸದ್ದು ಪೂರ್ತಿ ತಗ್ಗಿಸಿ ಚಿತ್ರ ಮಾತ್ರ ನೋಡುತ್ತಾ ಕೂರುತ್ತಾರೆ.

ನಾನು ಪ್ರೆಸ್ ಯಂತ್ರಗಳನ್ನು ನಿಲ್ಲಿಸಲು ಹೇಳಿದೆ. ಸುದ್ದಿ ಕ್ಷಣದಲ್ಲಿ ಹಬ್ಬಿತು.

"ನನ್ನ ಮದುವೆಗೂ ನಿಲ್ಲದ ಮಷೀನು," ಪ್ಯಾಕಿಂಗಿನ ಅಕ್ಕ ಪಿಸುಗುಟ್ಟಿದಳು, "ಆ ಪುಣ್ಯಾತ್ಮನ ಗೊರಕೆಗೆ ನಿಂತ್ಹೋಯ್ತು ನೋಡ್ರಿ."

"ಮೇಡಂ, ನಂದೊಂದು ಹಾರ್ನ್ ಸಾಕು," ಲಾರಿಯ ಡ್ರೈವರು ಹಲ್ಲುಕಿರಿದ. "ಅಲ್ಲೇ ಎದ್ದು ಕೂರ್ತಾನೆ."

"ಹಾರ್ನಿಗೆ ಕೈ ಹಾಕು, ನಿನ್ನನ್ನೇ ಡಬ್ಬದೊಳಗೆ ತುಂಬಿ ಕಳಿಸ್ತೀನಿ," ಎಂದಳು ಅಕ್ಕ.

ಚಿಕ್ಕಪ್ಪನೂ ನಾನೂ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತೆವು. ಯಂತ್ರಗಳಿಲ್ಲದ ಅಂಗಳ ಯಾರದೋ ಮನೆಯ ಅಂಗಳದಂತೆ ಕಂಡಿತು.

"ನಿಮ್ಮ ತಾತ ಮರದ ಪೆಟ್ಟಿಗೇಲಿ ಒಂದು ಕೀಲಿಟ್ಟು ಹಡಗಿಗೆ ಹಾಕಿದ್ರಂತೆ," ಚಿಕ್ಕಪ್ಪ ದನಿ ತಗ್ಗಿಸಿ ಹೇಳಿದರು. "ಚೆನ್ನಾಗಿದೆ, ಇನ್ನಷ್ಟು ಕಳಿಸಿ ಅಂತ ಉತ್ತರ ಬರೋ ಹೊತ್ತಿಗೆ ನಿನ್ನ ಸೋದರತ್ತೆ ಹುಟ್ಟಿ ಅಂಬೆಗಾಲಿಡ್ತಿದ್ಳು. ಆಮೇಲೆ ಟೆಲೆಕ್ಸ್ ಬಂತು. ಅದರ ಮುಂದೆ ಕೂತವನು ನಾನು. ಇಲ್ಲಿ ಹೊಡೆದ ಅಕ್ಷರ ಅಲ್ಲಿ ಆಗಿಂದಾಗ್ಲೇ ಮೂಡ್ತಿತ್ತು. ಪದ ಹೆಚ್ಚಾದ್ರೆ ಖರ್ಚು ಹೆಚ್ಚು ಅಂತ ನಿಮ್ಮಪ್ಪ ಬೈಯೋನು. ನಿನ್ನ ಚಿಕ್ಕಮ್ಮ ಈಗ್ಲೂ ಅಂತಾಳೆ, ಮನೇಲೂ ಟೆಲೆಕ್ಸ್ ಥರಾನೇ ಮಾತಾಡ್ತೀರಿ ಅಂತ."

"ಇವತ್ತೇನು ಹೀಗೆ ಧಾರಾಳ?"

"ಮಾತಾಡದಿದ್ರೆ ಒಳಗೆ ಹೋಗಿ ಅವನ ಕುತ್ತಿಗೆ ಹಿಡೀತೀನಿ, ಅದಕ್ಕೆ." ಅವರು ಲಾರಿಯತ್ತ ಗದ್ದ ಎತ್ತಿದರು. "ಇದಕ್ಕೆ ಮುಂಚೆ ಗೋಣಿಚೀಲ. ಬಂದರಿನಲ್ಲಿ ಮೂಟೆ ಹೊರೋರು ಕದ್ದು ಕದ್ದು, ಅವರ ಮನೆ ಬಾಗಿಲಿಗೆಲ್ಲ ನಮ್ಮ ಕೀಲೇ ಇರ್ತಿತ್ತು. ಈ ಕಬ್ಬಿಣದ ಡಬ್ಬ ಬಂದ್ಮೇಲೆ ಇಲ್ಲಿ ಹಾಕಿದ ಬೀಗ ಅಲ್ಲೇ ತೆಗೆಯೋದು. ಫೋನು ಬಂತು, ವಿಮಾನ ಬಂತು. ಸಮುದ್ರ ದಾಟೋದು ನೀರು ಕುಡಿದಷ್ಟು ಸಲೀಸಾಯ್ತು. ಈಗ ನೋಡು, ಒಬ್ಬನ ಕಣ್ಣುರೆಪ್ಪೆ ದಾಟಕ್ಕಾಗ್ತಿಲ್ಲ."

ನಾನು ನಗಲು ನೋಡಿದೆ. ನಗು ಬರಲಿಲ್ಲ.

ಮತ್ತೆ ಒಳಗೆ ಹೋಗಿ ಅವನ ಎದುರು ಕೂತೆ. ಬೂಟಿನ ಒಂದು ದಾರ ಬಿಚ್ಚಿತ್ತು. ಕೈಗಡಿಯಾರ ನಮ್ಮ ಹೊತ್ತನ್ನು ತೋರಿಸುತ್ತಿರಲಿಲ್ಲ, ಅವನ ಕಂಪನಿಯ ಹೊತ್ತನ್ನೂ ಅಲ್ಲ. ನಡುವೆ ವಿಮಾನ ಬದಲಿಸಿದ ಯಾವುದೋ ಊರಿನದಿರಬೇಕು. ಇವನನ್ನು ವರ್ಷವಿಡೀ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಈಗ ಅವನ ತೋಳಿನಡಿ ಸಿಕ್ಕಿದ್ದ ಕೀಲು ಜಾರಿ ಕೆಳಗೆ ಬಿದ್ದೀತೆಂದು ಅದರ ಮೇಲೇ ಕಣ್ಣಿಟ್ಟು ಕೂತಿದ್ದೆ. ಯಾರದಾದರೂ ನಿದ್ದೆಯನ್ನು ಇಷ್ಟು ಹೊತ್ತು ಕಾದದ್ದು ನೆನಪಿಲ್ಲ. ಬಹಳ ಹೊತ್ತು ಕಾದರೆ ಆ ನಿದ್ದೆ ಅವನದೋ ನಮ್ಮದೋ ಎಂಬುದೇ ಮಸಕಾಗುತ್ತದೆ.

ಅವನು ತಾನಾಗಿಯೇ ಎದ್ದ. ನನ್ನನ್ನು ನೋಡಿ, ಗಡಿಯಾರ ನೋಡಿ, ಅದನ್ನು ನಂಬದೆ ಮತ್ತೆ ನನ್ನನ್ನೇ ನೋಡಿದ.

"ಎಷ್ಟು ಹೊತ್ತಾಯಿತು?"

"ಇನ್ನೂ ಸಮಯವಿದೆ," ಎಂದೆ. ನಾವು ಮಾತಾಡುವುದು ಇಬ್ಬರದೂ ಅಲ್ಲದ ಮೂರನೆಯ ಭಾಷೆಯಲ್ಲಿ. ಅದರಲ್ಲಿ ಬೆಲೆ, ಅಳತೆ, ತಾರೀಖುಗಳನ್ನು ಚೆನ್ನಾಗಿ ಹೇಳಬಲ್ಲೆವು.

ಅವನು ಕೀಲನ್ನು ಎತ್ತಿ ಕಿವಿಯ ಹತ್ತಿರ ತೆರೆದು ಮುಚ್ಚಿದ. ಮತ್ತೆ ಮಾಡಿದ. ಮೇಜಿನ ಮೇಲಿಟ್ಟ.

"ನನಗೆ ಕೇಳಿಸುವುದಿಲ್ಲ."

ಪಾಸಾಯಿತೆಂದುಕೊಂಡು ಕಾಗದ ಮುಂದೆ ಸರಿಸಿದೆ. ಅವನು ಅದನ್ನು ಮುಟ್ಟಲಿಲ್ಲ.

"ಇಷ್ಟು ಸಣ್ಣ ಸದ್ದು ನನಗೆ ಕೇಳಿಸುವುದೇ ಇಲ್ಲ. ಮೊದಲೆಲ್ಲ ವಿಮಾನ ಇಳಿದು ಸ್ವಲ್ಪ ಹೊತ್ತಿಗೆ ಕಟ್ಟಿಕೊಂಡ ಕಿವಿ ಬಿಡುತ್ತಿತ್ತು. ಹೋದ ವರ್ಷದಿಂದ ಬಿಡುತ್ತಿಲ್ಲ."

"ಹಾಗಾದರೆ ಹೋದ ಸಲ?"

"ಹೆದರಿಕೆಯಾಯಿತು. ಕೇಳದೆ ಪಾಸು ಮಾಡಿ ಅಲ್ಲಿ ಸದ್ದಾದರೆ ನನ್ನ ಕೆಲಸ ಹೋಗುತ್ತದೆ. ಬೇಡ ಅಂದರೆ ಯಾರೂ ಪ್ರಶ್ನಿಸುವುದಿಲ್ಲ." ಮೇಜಿನ ಅಂಚನ್ನೇ ನೋಡುತ್ತಿದ್ದ. "ನಿಮ್ಮ ತಂದೆಯ ಮುಖ ನೆನಪಿದೆ."

ಏನಾದರೂ ಅನ್ನಬೇಕಿತ್ತು. ಆ ಮೂರನೆಯ ಭಾಷೆಯಲ್ಲಿ ಬೈಗುಳವೂ ನನಗೆ ಸರಿಯಾಗಿ ಬರುವುದಿಲ್ಲ.

ಅವನು ಆರಿಸಿಟ್ಟ ಕೀಲುಗಳನ್ನು ನನ್ನ ಕಡೆ ತಳ್ಳಿದ. "ನೀವು ಕೇಳಿ. ನೀವು ಹೇಳಿದ್ದಕ್ಕೆ ಸಹಿ ಹಾಕುತ್ತೇನೆ."

ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದೆ. ಯಂತ್ರಗಳು ನಿಂತಿದ್ದರಿಂದ ನನ್ನ ಉಸಿರೇ ಗಟ್ಟಿಯಾಗಿ ಕೇಳುತ್ತಿತ್ತು. ಒಂದು ಕೀಲೂ ಸದ್ದು ಮಾಡಲಿಲ್ಲ. ಇನ್ನು ಎರಡೇ ಉಳಿದಿವೆ ಎನ್ನುವಾಗ, ಅರ್ಧ ತೆರೆಯುವಲ್ಲಿ, ಕೂದಲೆಳೆಯಷ್ಟು ಸಣ್ಣಗೆ ಒಂದು ಕಿರ್ರೆಂದಿತು. ಮುಚ್ಚಿ ತೆರೆದೆ. ಇತ್ತು.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಗುವಂತಿರಲಿಲ್ಲ. ನಾನು ಅದನ್ನು ಉಳಿದವುಗಳ ಜೊತೆ ಇಟ್ಟುಬಿಟ್ಟರೆ ಲಾರಿ ಹೊರಡುತ್ತದೆ, ಚಿಕ್ಕಪ್ಪ ಇನ್ನೊಂದು ಚಹಾ ಕುಡಿಯುತ್ತಾರೆ. ಹೋದ ವರ್ಷದ ಲೆಕ್ಕಕ್ಕೆ ಇದು ಚುಕ್ತಾ ಎಂದುಕೊಂಡರೂ ಯಾರೂ ಕೇಳುವವರಿಲ್ಲ.

ಆದರೆ ಇಷ್ಟು ಹೊತ್ತು ನಾನು ಒಬ್ಬನ ನಿದ್ದೆಯ ಎದುರು ಕೆಮ್ಮದೆ ಕೂತಿದ್ದೆ. ಈ ಕೀಲು ಹೋಗುವುದು ಅಂಥದೇ ಒಂದು ಕೋಣೆಗೆ. ಅಲ್ಲಿ ಯಾರೋ ದಣಿದು ಬಂದು ಮಲಗಿರುತ್ತಾರೆ, ಇನ್ನೊಬ್ಬರು ಬೆರಳ ತುದಿಯಲ್ಲಿ ಕಪಾಟು ತೆಗೆಯುತ್ತಾರೆ.

"ಇದರಲ್ಲಿ ಸದ್ದಿದೆ," ಎಂದೆ.

ಹೇಳಿದ ಮೇಲೆ ಧೈರ್ಯವೇನೂ ಅನಿಸಲಿಲ್ಲ. ಅವನು ಆ ಕೀಲನ್ನು ತೆಗೆದುಕೊಂಡು, ಏನೂ ಕೇಳದ ಕಿವಿಗೆ ಇನ್ನೊಮ್ಮೆ ಹಿಡಿದು, ಜೇಬಿಗೆ ಹಾಕಿಕೊಂಡ.

ಹೊರಗೆ ಬಂದು ಚಿಕ್ಕಪ್ಪನಿಗೆ ಎಲ್ಲ ಹೇಳಿದೆ.

"ನಿನಗೆ ನಿಜವಾಗ್ಲೂ ಕೇಳಿಸ್ತಾ?"

"ಕೇಳಿಸ್ತು."

"ಸರಿ." ಟೆಲೆಕ್ಸಿನಲ್ಲಾದರೂ ಇಷ್ಟೇ ಹೊಡೆಯುತ್ತಿದ್ದರೇನೋ.

ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದೆವು. ಪ್ರತಿಯೊಂದನ್ನೂ ಕೇಳಿ, ಸದ್ದು ಮಾಡಿದ್ದನ್ನು ತೆಗೆದಿಟ್ಟು, ಉಳಿದದ್ದನ್ನು ಮುಂದಿನ ಹಡಗಿಗೆ ಹಾಕುವುದು. ಕಂಪನಿ ಒಪ್ಪಿದರೆ. ಕಿವಿರಾಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬರೆದು ನನಗೆ ತೋರಿಸಿದ: ತಪಾಸಣೆ ತಡವಾದದ್ದು ನನ್ನಿಂದ, ಇವರಿಗೆ ಒಂದು ಹಡಗಿನ ಅವಕಾಶ ಕೊಡಿ. ಕೆಳಗೆ ಇನ್ನೊಂದು ಸಾಲು ಬರೆದ, ಅಳಿಸಿದ, ಮತ್ತೆ ಬರೆದ: ಮುಂದಿನ ಸಲಕ್ಕೆ ಕಿವಿ ಸರಿಯಿರುವ ಬೇರೊಬ್ಬರನ್ನು ಕಳಿಸಿ. ಕಳಿಸುವ ಗುಂಡಿ ಒತ್ತಿ, ಬಿಚ್ಚಿದ್ದ ಬೂಟಿನ ದಾರ ಕಟ್ಟಿಕೊಂಡ.

"ಉತ್ತರ ಯಾವಾಗ ಬರತ್ತಂತೆ?" ಎಂದರು ಚಿಕ್ಕಪ್ಪ.

"ಅಲ್ಲೀಗ ರಾತ್ರಿ. ಎಲ್ಲರೂ ಮಲಗಿರ್ತಾರೆ."

"ಹಂಗಾದ್ರೆ ಏಳೋವರೆಗೂ ಕಾಯ್ಬೇಕು." ಅವರು ಒಂದು ಹಿಡಿ ಕೀಲು ಎತ್ತಿಕೊಂಡು ಗೋಡೆಗೊರಗಿ ಕೂತರು.

ಹೋದ ವರ್ಷದ ಕೀಲುಗಳು ಚೆನ್ನಾಗಿಯೇ ಇದ್ದವೇನೋ ಎಂದು ಮನೆಗೆ ಹೋಗಿ ಅಪ್ಪನಿಗೆ ಹೇಳಬೇಕು. ಹೇಗೆ ಶುರುಮಾಡುವುದೋ ಗೊತ್ತಿಲ್ಲ. ಅಂಗಳದಲ್ಲಿ ಅಕ್ಕ, ಪ್ರೆಸ್ಸಿನವರು, ಖಾಲಿ ಲಾರಿಯ ಡ್ರೈವರು, ಎಲ್ಲರೂ ಒಂದೊಂದು ಕೀಲನ್ನು ಕಿವಿಗೆ ಹಿಡಿದು ಕೂತಿದ್ದರು. ನಾನೂ ಒಂದನ್ನು ಎತ್ತಿಕೊಂಡೆ.