ಏಳನೇ ಮನೆಯ ಅಪ್ಪ ಮಗ

ಹಲ್ಲಿನ ಡಾಕ್ಟರಮ್ಮನಿಗೆ ಅಂದು ಮಧ್ಯಾಹ್ನ ಬೇರೆಯವರ ಬಾಯಿ ನೋಡುವ ಕೆಲಸಕ್ಕೆ ರಜೆ. ಜೋಯಿಸರ ಬಾಯಿಂದ ಏನು ಬರುತ್ತದೋ ಎಂದು ಕಾಯುವುದೇ ಕೆಲಸ. ಕನ್ನಡಕದ ಅಂಗಡಿಯವನನ್ನು ಮದುವೆಯಾಗಲು ಅವಳೂ ತಯಾರು, ಅವನೂ ತಯಾರು. ಆದರೆ ಅವನ ಅಮ್ಮ ಒಂದೇ ಪಟ್ಟು ಹಿಡಿದಿದ್ದರು: "ಜೋಯಿಸರು ಅಣ್ಣತಮ್ಮ ಇಬ್ಬರೂ ನಿನ್ನ ಜಾತಕ ನೋಡಿ ಒಂದೇ ಮಾತು ಹೇಳಲಿ. ಆಮೇಲೆ ನನ್ನ ಮಾತು ಹೇಳ್ತೀನಿ."

ಒಂದೇ ಮಾತಂತೆ! ಆ ಅಣ್ಣತಮ್ಮಂದಿರು ವಾಸ ಮಾಡುವುದು ಒಂದೇ ಮನೆ, ಗಿರಾಕಿಗಳನ್ನು ನೋಡುವುದು ಒಂದೇ ಕೋಣೆ, ನಿಜ. ನಡುವೆ ಮಾತ್ರ ಒಂದು ಹಸಿರು ಪರದೆ. ವರ್ಷಗಳ ಹಿಂದೆ ಗಿರಾಕಿಯ ಎದುರಿಗೇ ತಮ್ಮ "ಅಣ್ಣಾ, ನಿನ್ನ ಲೆಕ್ಕ ತಪ್ಪು" ಎಂದುಬಿಟ್ಟಿದ್ದನಂತೆ. ಲೆಕ್ಕ ತಪ್ಪಿದ್ದೂ ನಿಜವಂತೆ, ಸಿಟ್ಟು ಬಂದಿದ್ದೇ ಅದಕ್ಕೆ. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳಬೇಕೆಂದರೆ ಗಿರಾಕಿಯ ಬಾಯಿಂದಲೇ ಹೇಳಿಸಬೇಕು. ಪರದೆಯೇನು ಗೋಡೆಯೇ, ಪಿಸುಗುಟ್ಟಿದರೂ ಕೇಳಿಸುತ್ತದೆ! ಆದರೂ ಗಿರಾಕಿ ಎದ್ದು, ಪರದೆ ಸರಿಸಿ, ಅದನ್ನೇ ಮತ್ತೊಮ್ಮೆ ಹೇಳುವ ತನಕ ಪುಣ್ಯಾತ್ಮರು ಕಿವುಡರ ಹಾಗೆ ಕೂತಿರುತ್ತಿದ್ದರು.

ದೊಡ್ಡ ಜೋಯಿಸರು ಕುಂಡಲಿಯ ಮೇಲೆ ಬೆರಳಿಟ್ಟರು. "ಏಳನೇ ಮನೆ ಅಂದ್ರೆ ದಾಂಪತ್ಯ, ಡಾಕ್ಟರಮ್ಮ. ಅಲ್ಲಿ ರವಿ, ಶನಿ ಇಬ್ಬರೂ ಕೂತಿದ್ದಾರೆ. ಅಪ್ಪ ಮಗನೇ, ಆದ್ರೆ ಎಣ್ಣೆ ಸೀಗೇಕಾಯಿ. ಇಂಥ ಯುತಿ, ಅಂದ್ರೆ ಗ್ರಹಗಳ ಕೂಟ, ಇದ್ದೋರಿಗೆ ಗಂಡನ ಜೊತೆ ಬೆಳಗಾದ್ರೆ ಜಗಳ. ಹೋಗಿ, ಆಚೆಯವರಿಗೆ ಹೇಳಿ."

ಗೋಡೆ ಪಕ್ಕದ ಬೆಂಚಿನಲ್ಲಿ ಹುಡುಗನ ಅಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ತುಟಿ ಪಿಟಕ್ಕೆನ್ನದೆ ಕೂತಿದ್ದರು. ಅವರ ಮುಖ ನೋಡುವ ಧೈರ್ಯವಾಗದೆ ಡಾಕ್ಟರಮ್ಮ ಪರದೆಯಾಚೆ ನುಗ್ಗಿದಳು.

ಚಿಕ್ಕ ಜೋಯಿಸರು ಎಲ್ಲವನ್ನೂ ಹೊಸದಾಗಿ ಕೇಳುವವರ ಹಾಗೆ ತಲೆದೂಗಿ ಕೇಳಿದರು. "ಯುತಿಯೂ ಇಲ್ಲ ಮಣ್ಣೂ ಇಲ್ಲ. ರವಿ ಎರಡನೇ ಡಿಗ್ರೀಲಿ, ಶನಿ ಇಪ್ಪತ್ತೆಂಟರಲ್ಲಿ. ಒಬ್ಬ ಬಾಗಿಲಲ್ಲಿ ನಿಂತಿದ್ದಾನೆ, ಇನ್ನೊಬ್ಬ ಹಿತ್ತಿಲಲ್ಲಿ. ಮುಖಾನೇ ನೋಡದವರು ಜಗಳ ಹೇಗಮ್ಮ ಆಡ್ತಾರೆ? ಒಂದೇ ಮನೇಲಿದ್ದ ಮಾತ್ರಕ್ಕೆ ಸಂಬಂಧ ಇರುತ್ತೆ ಅನ್ನೋ ಹಾಗಿಲ್ಲ ಅಂತ ಹೇಳಿ ಅವರಿಗೆ."

ಹೇಳಿದಳು. "ಒಂದೇ ಮನೇಲಿದ್ರೆ ಯುತಿಯೇ, ದೂರ ಎಷ್ಟಿದ್ರೂ!" ಎಂದರು ದೊಡ್ಡವರು. ಅದನ್ನು ಆಚೆ ಒಯ್ದಳು. ಆಚೆಯದನ್ನು ಈಚೆ ತಂದಳು. ಹೀಗೆ ಅಲೆದಲೆದು ಕಾಲು ಸೋತು, ತಲೆ ಕೆಟ್ಟು, ಕೊನೆಗೆ ಪರದೆಯನ್ನು ಒಂದು ಕೈಯಲ್ಲಿ ಹಿಡಿದು ನಡುವೆಯೇ ನಿಂತುಬಿಟ್ಟಳು.

"ಅಲ್ಲಾ ದೊಡ್ಡ ಜೋಯಿಸರೇ, ಒಂದೇ ಮನೇಲಿದ್ರೆ ಸಂಬಂಧ ಇರಲೇಬೇಕು ಅಂತೀರಲ್ಲ, ನಿಮ್ಮಿಬ್ಬರ ನಡುವೆ ಏನಿದೆ ಸಂಬಂಧ? ತೋರಿಸಿ ನೋಡೋಣ!"

"ಭೇಷ್!" ಎಂದು ಚಿಕ್ಕ ಜೋಯಿಸರು ತೊಡೆ ತಟ್ಟಿದರು.

ದೊಡ್ಡ ಜೋಯಿಸರ ಮುಖ ಕೆಂಪೇರಿತು. ಕುರ್ಚಿ ಹಿಂದಕ್ಕೆ ದೂಡಿ ಎದ್ದವರೇ ಪರದೆಯನ್ನು ಪೂರ್ತಿ ಎಳೆದು ತಮ್ಮನ ಎದುರು ನಿಂತರು. "ಏನೋ ಭೇಷು? ಸಂಬಂಧ ಇಲ್ವೇನೋ? ಜ್ವರ ಬಂದು ನೀನು ಮಲಗಿದ್ದಾಗ ದಿನಾ ಬಾಗಿಲ ಹತ್ರ ಹಾಲು, ಮಾತ್ರೆ ಇಟ್ಟು ಹೋಗ್ತಿದ್ದೋರು ಯಾರೋ?"

"ಪಕ್ಕದ ಮನೆಯವರಲ್ವಾ?"

"ಪಕ್ಕದ ಮನೆಯವರಿಗೆ ನಿನಗೆ ಹಾಲಲ್ಲಿ ಸಕ್ಕರೆ ಆಗಲ್ಲ ಅಂತ ಹೇಗೋ ಗೊತ್ತಾಗಬೇಕು, ಕತ್ತೆ!"

ಚಿಕ್ಕ ಜೋಯಿಸರು ಕಣ್ಣು ಒರೆಸಿಕೊಂಡರು. ಕುಂಡಲಿ ಎಳೆದುಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅಣ್ಣ ಹೇಳಿದ್ದೇ ಸರಿ ಕಣಮ್ಮ. ದೂರ ಇದ್ರೂ ಯುತಿ ಯುತಿಯೇ."

"ಫಲ?" ಬೆಂಚಿನಿಂದ ಹುಡುಗನ ಅಮ್ಮ ಮೊದಲ ಬಾರಿಗೆ ಬಾಯಿ ಬಿಟ್ಟರು.

"ಜಗಳ!" ಎಂದರು ಅಣ್ಣತಮ್ಮ, ಒಟ್ಟಿಗೇ.

ಅಯ್ಯೋ ದೇವರೇ, ಎಂಥ ಕೆಲಸ ಮಾಡಿಕೊಂಡಳು! ಇವರಿಬ್ಬರನ್ನು ಒಂದು ಮಾಡಲು ಹೋಗಿ ತನ್ನ ಮದುವೆಗೆ ತಾನೇ ಕಲ್ಲು ಹಾಕಿಕೊಂಡಳಲ್ಲ! ಅವನಿಲ್ಲದ ಬದುಕನ್ನು ಡಾಕ್ಟರಮ್ಮ ಯೋಚಿಸಿಯೇ ಇರಲಿಲ್ಲ. ಕುಂಡಲಿಯ ಹಾಳೆಯನ್ನು ಮಡಚತೊಡಗಿದಳು.

ಹುಡುಗನ ಅಮ್ಮ ಎದ್ದು ಬಂದು ಅವಳ ಕೈ ಹಿಡಿದುಕೊಂಡರು.

"ನಮ್ಮನೇಲಿ ಒಂದು ದಿನಾನೂ ಜಗಳ ಆಗಿಲ್ಲಮ್ಮ. ನಮ್ಮನೆಯವರು ನಾನು ಏನು ಹೇಳಿದ್ರೂ 'ಆಯ್ತು' ಅಂತಿದ್ರು. ಎಂಥ ಪುಣ್ಯ ನಿಂದು ಅಂತಿದ್ರು ಜನ. ಒಂದು ದಿನ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡ್ಕೊಂಡು ಹೊರಟೇ ಹೋದ್ರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಮಗನೂ ಅಪ್ಪನ ಹಾಗೇ, ಎಲ್ಲದಕ್ಕೂ 'ಆಯ್ತಮ್ಮ'. ನಂಗೆ ಭಯ ಆಗುತ್ತೆ." ಅವರು ಜೋಯಿಸರ ಕಡೆ ಕೈ ತೋರಿಸಿದರು. "ಇವರಿಬ್ಬರೂ ಸೇರಿ ನೀನು ತುಂಬಾ ಸಾಧು ಅಂದಿದ್ರೆ ನಾನು ಬೇಡ ಅಂತಿದ್ದೆ. ನೀನು ಬಾ. ಅವನ ಜೊತೆ ಜಗಳ ಆಡು. ಬಾಯಿ ಬಿಡಿಸು."

ಡಾಕ್ಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು.

"ಮೊದಲ ಜಗಳ ನಿಮ್ಮ ಜೊತೇನೇ ಅತ್ತೆ," ಎಂದಳು. "ಇಷ್ಟು ಹೊತ್ತು ನನ್ನ ಜೀವ ತಿಂದು ಯಾಕೆ ಸುಮ್ಮನೆ ಕೂತಿದ್ರಿ? ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

ಅತ್ತೆ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಮನೆಯವರು ಇದ್ದಾಗಲೂ, ಹೊರಟುಹೋದ ಮೇಲೂ ಅವರನ್ನು ಯಾರೂ ಹೀಗೆ ಗದರಿಸಿರಲಿಲ್ಲ.

"ಇನ್ನೂ ಬೈಯಿ," ಎಂದರು.