ತೇರ್ಸಿನ ಮೊದಲ ಅರ್ಧ

ಪಕ್ಕದ ಮನೆಯ ರತ್ನಾವತಿ ದೀಪಕ್ಕೆ ಎಣ್ಣೆ ಹಾಕುತ್ತಿರಬೇಕು, ವಾಸನೆ ಕಿಟಕಿಯಿಂದ ಬರುತ್ತದೆ, ಇಗರ್ಜಿಯ ಸಂಜೆಗಂಟೆಯೂ ನಿಂತಿತು, ಇನ್ನು ನೆಪ ಹೇಳಲು ಏನೂ ಉಳಿದಿಲ್ಲ, ಬೊನಿಫಾಸ್ ಮೇಣದಬತ್ತಿ ಹಚ್ಚಿದ್ದಾನೆ, ಚಾಪೆ ಹಾಸಿದ್ದಾನೆ — ತೀರಿಹೋದ ಎಸ್ತೆರಳ ಚಾಪೆ, ಅವಳ ಮೊಣಕಾಲು ತೇದ ಎರಡು ಗುಳಿ — ಆದರೆ ಶುರು ಮಾಡುವುದು ಹೇಗೆ, ತೇರ್ಸಿನಲ್ಲಿ, ಮನೆಯ ಸಂಜೆಯ ಜಪದಲ್ಲಿ, ಮುಂದೆ ಹೇಳುತ್ತಿದ್ದವಳು ಅವಳು, ಜಪಸರದ ಪ್ರತಿ ಮಣಿಗೂ ಮೊದಲ ಅರ್ಧ ಹೆಂಡತಿಯದು, ಉತ್ತರದ ಅರ್ಧ ಇವನದು, ಮದುವೆಯಾದಂದಿನಿಂದ ಹಾಗೆಯೇ, ಉತ್ತರ ಕೊಡುವುದು ಸುಲಭ, ನಿದ್ದೆಗಣ್ಣಲ್ಲೂ ಬರುತ್ತಿತ್ತು, ಇವನು ಸಂಜೆ ಕಾಲೇಜಿನಲ್ಲಿ ಓದುತ್ತಿದ್ದಾಗ, ತರಗತಿ ಮುಗಿಸಿ ಉರ್ವದಲ್ಲಿ ಬಸ್ಸಿಳಿದು ಬರುವವರೆಗೂ ಅವಳು ತೇರ್ಸನ್ನು ತಡೆದಿಟ್ಟು ಕೂತಿರುತ್ತಿದ್ದಳು, ಗಂಜಿ ತಣಿಯಲಿ, ಉತ್ತರ ಹೇಳುವವರು ಬೇಡವಾ, ನನ್ನೊಬ್ಬಳದ್ದೇ ಕೇಳಿ ಕೇಳಿ ದೇವರಿಗೂ ಬೇಜಾರಾಗ್ತದೆ ಮಾರಾಯ್ರೆ, ಅನ್ನುತ್ತಿದ್ದಳು — ಇವನು ಪರೀಕ್ಷೆಗೆ ಹೆದರಿದ ದಿನ, ದೇವರ ಬಲ ಉಂಟಲ್ಲ, ನಿಮ್ಮ ಬಲ ಎಂತಕ್ಕೆ ಅಂದಳು, ಇವನು ತಲೆಯಾಡಿಸಿ ನೋಡಿದ್ದು ಅವಳ ಮುಖವನ್ನು, ಗೋಡೆಯ ಶಿಲುಬೆಯನ್ನಲ್ಲ, ಹಾಗಾದರೆ ಇಷ್ಟು ವರ್ಷ ಒರಗಿದ್ದು ಯಾರಿಗೆ, ವಿಶ್ವಾಸ ಎಂದುಕೊಂಡದ್ದೆಲ್ಲ ಅವಳ ಹೆಗಲೇ ಆಗಿತ್ತೇ, ಪಾದ್ರಿಗಳ ಬಳಿ ಕೇಳಬಹುದಿತ್ತು, ಆದರೆ ಈ ವಯಸ್ಸಿನಲ್ಲಿ ಏನೆಂದು ಕೇಳುವುದು, ಫಾದರ್, ನನಗೆ ಶುರು ಮಾಡಲು ಹೆದರಿಕೆ ಎಂದೇ — ಬೆಳಿಗ್ಗೆ ರತ್ನಾವತಿ ಬೇಲಿಯಾಚೆಯಿಂದ ಇವನನ್ನು ಕರೆದು, ಪೊರ್ಬುಗಳೇ, ಎಸ್ತೆರ್ ಬಾಯಮ್ಮ ಹೋದ ಮೇಲೆ ನಿಮ್ಮಲ್ಲಿ ಪ್ರಾರ್ಥನೆ ಕೇಳುವುದೇ ಇಲ್ಲ, ನಮಗೆ ಅದು ಕೇಳಿದ ಮೇಲೆ ದೀಪ ಇಟ್ಟು ಅಭ್ಯಾಸ, ಅಂದಾಗ ಇವನು, ಇವತ್ತು ಹೇಳ್ತೇನೆ ಅಂದುಬಿಟ್ಟ, ಯಾವ ಧೈರ್ಯದಲ್ಲಿ ಅಂದನೋ, ಅವಳ ಜಾಗದಲ್ಲಿ ಮಂಡಿಯೂರುತ್ತಾನೆ, ಗುಳಿಗಳು ಚಿಕ್ಕವು, ಇವನ ಮೊಣಕಾಲು ಅವುಗಳೊಳಗೆ ಕೂರುವುದಿಲ್ಲ, ಹಿಂದಕ್ಕೆ ಸರಿದು ತನ್ನ ಜಾಗಕ್ಕೇ ಬರುತ್ತಾನೆ, ದೇವರೇ, ನನ್ನಲ್ಲಿ ಏನೂ ಇಲ್ಲ, ಒರಗಲು ಅವಳೂ ಇಲ್ಲ, ನೀನೇ ಶುರು ಮಾಡು — ಮಣಿ ಬೆರಳಿಗೆ ಬಂತು, ನಮಾನ್ ಮರಿಯೆ, ಮರಿಯಮ್ಮನ ಜಪ ಶುರುವಾಗಿದೆ, ಯಾರ ಸ್ವರವಿದು, ಒಡೆದ ಸ್ವರ, ಆದರೂ ಮುಂದಕ್ಕೆ ಹೋಗುತ್ತಿದೆ, ಬೀಳುತ್ತಿಲ್ಲ, ಯಾರೋ ಕೆಳಗಿನಿಂದ ಕೈಯಾಸರೆ ಕೊಟ್ಟ ಹಾಗೆ, ಮೊದಲ ಅರ್ಧ ಮುಗಿದೇ ಹೋಯಿತು, ಇನ್ನು ಉತ್ತರ, ಅದು ಇವನದೇ ಮಾತು, ಬಾಯಿಪಾಠ, ಆದರೂ ಕಾಯುತ್ತಾನೆ, ಹಿಂದೆ ಅವಳು ಬಸ್ಸಿನ ಸದ್ದಿಗೆ ಕಾದ ಹಾಗೆ, ಕಿಟಕಿಯಾಚೆ ರತ್ನಾವತಿ ದೀಪಕ್ಕೆ ಬೆಂಕಿಕಡ್ಡಿ ಗೀರಿದ ಸದ್ದು, ಕೇಳಿಸಿತು ಹಾಗಾದರೆ, ಅವರಿಗೆ ಕೇಳಿಸಿತು, ಮೇಣದ ಬೆಳಕು ಅಲ್ಲಾಡಿ ಚಾಪೆಯ ಮೇಲೆ ಬೀಳುತ್ತದೆ, ಎದುರಿಗೆ ಆ ಎರಡು ಗುಳಿ, ಖಾಲಿ, ಎರಡು ಪುಟ್ಟ ಗುಳಿ —