ತಂಗೆವ್ವನ ಹೂನ್ರೀ

"ಅಮ್ಮಾ, ಈಗ ಅಲ್ಲಾಡ್ಬೇಡಿ!" ಎಂದು ಟೆಕ್ನಿಷಿಯನ್ ಸುಧಾಮಣಿ ಮೈಕಿನಲ್ಲಿ ಹೇಳಿದ್ದೇ ತಡ, ಗಾಜಿನಾಚೆ ಮಲಗಿದ್ದ ತಂಗೆವ್ವನ ತಲೆಯ ಚಿತ್ರ ಪರದೆಯ ಮೇಲೆ ಕೆಟ್ಟು ಕೆರ ಹಿಡಿಯಿತು.

ರಕ್ತನಾಳಕ್ಕೆ ಡೈ ಎಂಬ ಬಣ್ಣದ ಔಷಧ ಬಿಡುವ ಮೊದಲೊಂದು ಎಕ್ಸ್-ರೇ, ಬಿಟ್ಟ ಮೇಲೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಮೂಳೆಯೆಲ್ಲ ಮಾಯವಾಗಿ ರಕ್ತನಾಳ ಮಾತ್ರ ಉಳಿಯಬೇಕು. ನಡುವೆ ತಲೆ ಕೂದಲೆಳೆಯಷ್ಟು ಸರಿದರೂ ಎಲ್ಲ ಕಲಸುಮೇಲೋಗರ. ಇಂಚರ ಎರಡು ವರ್ಷ ಊಟ ನಿದ್ದೆ ಬಿಟ್ಟು ಬರೆದ ಪ್ರೋಗ್ರಾಂ ಇದಕ್ಕೆಂದೇ ಇತ್ತು: ಸರಿದದ್ದನ್ನು ಹೊಂದಿಸಿಕೊಂಡು ಕಳೆಯುವುದು. ಹಳೆಯ ವಿಧಾನಕ್ಕೂ ತನ್ನದಕ್ಕೂ ಐದಕ್ಕೆ ಇಷ್ಟೆಂದು ಡಾಕ್ಟರರಿಂದ ಅಂಕ ಹಾಕಿಸುತ್ತ ಆಕೆ ಜಯನಗರದ ಈ ಆಸ್ಪತ್ರೆಯಲ್ಲಿ ತಿಂಗಳಿಂದ ಬೀಡುಬಿಟ್ಟಿದ್ದಳು.

ಗುಂಡಿ ಒತ್ತಿದಳು. ನಾಳಗಳು ತೊಳೆದಿಟ್ಟಂತೆ ಕಂಡವು.

"ಸಖತ್ತಾಗಿದೆಯಲ್ಲಮ್ಮ!" ಎಂದರು ಡಾಕ್ಟರ್ ಅನಂತರಾಮು. "ನಾಳದಲ್ಲಿ ಊತ ಏನೂ ಕಾಣ್ತಿಲ್ಲ. ಆಯಮ್ಮನ ಕಿಡ್ನಿ ಮೊದಲೇ ವೀಕು, ಡೈ ಇನ್ನೊಂದೇ ಸಲ ಕೊಡೋಕಾಗೋದು. ಇದನ್ನೇ ನಂಬಿ ಮುಗಿಸಿಬಿಡೋಣ್ವಾ?"

ಇಂಚರ ಹೂಂ ಎನ್ನಲು ಬಾಯಿ ತೆರೆದಳು. ಆದರೆ ಹಳೆಯ ವಿಧಾನದ ಆ ಕೆಟ್ಟ ಚಿತ್ರದಲ್ಲಿ, ನಾಳದ ತಿರುವಿನಲ್ಲಿ, ಮೆಣಸಿನಕಾಳಿನಷ್ಟು ಕಪ್ಪು ಕಾಣುತ್ತಿತ್ತು. ಅವಳ ಪ್ರೋಗ್ರಾಂ ಕೊಟ್ಟ ಚಿತ್ರದಲ್ಲಿ ಇರಲಿಲ್ಲ. ಅದು ಮೂಳೆಯ ನೆರಳಾಗಿದ್ದರೆ ಸರಿ. ಊತವಾಗಿದ್ದರೆ, ಒಡೆದ ದಿನ ಪ್ರಾಣಕ್ಕೇ ಸಂಚಕಾರ. ಸುದ್ದಗುಂಟೆಪಾಳ್ಯದ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಈ ಹೆಂಗಸು ಬೆಳಿಗ್ಗೆ ತಾನೇ, "ಆರಾಮಾದ್ ಮ್ಯಾಲ ನಿಮಗೂ ನಾಕ್ ರೊಟ್ಟಿ ಕಟ್ಕೊಂಡ್ ಬರ್ತೀನ್ರೀ" ಎಂದಿದ್ದಳು.

"ಬೇಡ ಸಾರ್. ಊತ ಇದ್ದು ನನ್ನ ಪ್ರೋಗ್ರಾಂ ಅಳಿಸಿರಬಹುದು. ಇನ್ನೊಂದ್ಸಲ ತೆಗೀಬೇಕು."

"ಮತ್ತೆ ಅಲ್ಲಾಡಿದ್ರೆ? ಮೂರನೇ ಸಲ ಇಲ್ಲ."

ಇಂಚರ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಓಡಿಸಿದಳು. ಸುಧಾಮಣಿ ಮೈಕಿನಲ್ಲಿ ಮಾತಾಡಿದ ಮರುಕ್ಷಣವೇ ತಂಗೆವ್ವನ ಗದ್ದ ಕೆಳಗಿಳಿದು ಮೇಲೇರಿತ್ತು. ಎದ್ದು ಒಳಗೆ ಹೋದಳು.

"ಅವ್ವಾ, ಅಲ್ಲಾಡ್ಬೇಡಿ ಅಂದಾಗ ನೀವೇನ್ ಮಾಡ್ತೀರಿ?"

"ಹೂನ್ರೀ ಅಂತೀನ್ರೀ," ಎಂದಳು ತಂಗೆವ್ವ, ಗದ್ದ ಆಡಿಸುತ್ತ. "ದೊಡ್ಡ ಮಂದಿ ಹೇಳಿದಾಗ ಸುಮ್ನಿದ್ರ ಸೊಕ್ಕು ಅಂತಾರ್ರೀ."

ಇಂಚರಳಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. "ಇವತ್ತೊಂದಿನ ಸೊಕ್ಕು ಮಾಡಿ ಅವ್ವಾ. ನಾನು ಬಂದು ಕೈ ಮುಟ್ಟೋವರೆಗೂ ಯಾರು ಏನಂದ್ರೂ ಉತ್ತರ ಕೊಡ್ಬೇಡಿ."

"ಹೂನ್ರೀ."

ಈ ಸಲ ಸುಧಾಮಣಿ ಮೈಕನ್ನೇ ಮುಟ್ಟಲಿಲ್ಲ. ಹಳೆಯ ವಿಧಾನದಲ್ಲೇ ಚಿತ್ರ ನಿಚ್ಚಳವಾಗಿ ಬಂತು. ತಿರುವಿನಲ್ಲಿ ಊತ ಇದ್ದೇ ಇತ್ತು.

"ಒಡೆಯೋಕೆ ಮುಂಚೆ ಸಿಕ್ತು. ಸರಿ ಮಾಡ್ಬಹುದು," ಎಂದು ಡಾಕ್ಟರು ಉಸಿರುಬಿಟ್ಟರು. ಇಂಚರ ಅಂಕದ ಹಾಳೆ ತೆಗೆದು, ಹಿಂದಿನ ಚಿತ್ರಕ್ಕೆ ತನ್ನ ವಿಧಾನದ ಮುಂದೆ ತಾನೇ ಸೊನ್ನೆ ಬರೆದಳು.

"ಅಮ್ಮಾ, ಮುಗೀತು!" ಸುಧಾಮಣಿ ಮೈಕಿನಲ್ಲಿ ಕೂಗಿದಳು. ತಂಗೆವ್ವ ಮಿಸುಕಲಿಲ್ಲ. "ಅಮ್ಮಾ, ಕೇಳಿಸ್ತಾ?"

ಇಂಚರ ಒಳಗೆ ಓಡಿದಳು. ತಂಗೆವ್ವ ತುಟಿ ಬಿಗಿಹಿಡಿದು ಕಣ್ಣು ಪಿಳಿಪಿಳಿ ಬಿಡುತ್ತ ಮಲಗಿದ್ದಳು. ರೊಟ್ಟಿ ಬಡಿದು ದಡ್ಡುಗಟ್ಟಿದ ಆ ಅಂಗೈಯನ್ನು ಇಂಚರ ಮುಟ್ಟಿದಳು.

ತಂಗೆವ್ವ ಮೆಲ್ಲಗೆ ಗಾಜಿನಾಚೆಯ ಸುಧಾಮಣಿಯತ್ತ ಮುಖ ತಿರುಗಿಸಿದಳು.

"ಹೂನ್ರೀ," ಎಂದಳು. ಒಂದು ಉಸಿರು ಬಿಟ್ಟು ಇನ್ನೊಮ್ಮೆ, "ಹೂನ್ರೀ."